ಪಟ್ಟದ ಗೊಂಬೆಯ ಎದೆಯೇರಿದ ಜರ್ಮನ್ ಬ್ಯಾಡ್ಜಿನ ಸನ್ನಿಧಿಗೆ

ವೆಲಿಂಗ್ಟನ್ನಿನ ಪಕ್ಕದ ಲೋವರ್ ಹಟ್‌ನ ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಕಪ್ಪು ಮಖಮಲ್ಲಿನ ಮೇಲೆ ವಿರಾಜಮಾನರಾಗಿರುವ ಶ್ರೀಮಾನ್ ಜರ್ಮನ್ ಬ್ಯಾಡ್ಜ್ ಅವರಿಗೆ,

ಮಾನ್ಯರೇ,

ತಾವು ದಯಮಾಡಿಸಿರುವ ಮನೆಯ ಒಂದು ಮೂಲೆಯಲ್ಲಿ ತಮಗೆ ತೊಂದರೆಯಾಗದಂತೆ ಬದುಕಿಕೊಂಡಿರುವ, ತಮ್ಮ ಒಡೆಯ ಬದರಿನಾಥರ ಧರ್ಮಪತ್ನಿ ವಂದನಾ ಮಾಡುವ ಸವಿನಯ ನಮಸ್ಕಾರಗಳು. ತಮ್ಮ ಹದ್ದಿನ ರೆಕ್ಕೆಗಳೂ ಓಕ್ ಎಲೆಗಳ ಹಾರವೂ ಬೆನ್ನ ಹಿಂದಿನ ಪಿನ್ನೂ ಕುಶಲವೆಂದು ಭಾವಿಸುತ್ತೇನೆ. ನಮ್ಮ ಕ್ಷೇಮ ವಿಚಾರಿಸುವ ಅಭ್ಯಾಸ ತಮಗಿಲ್ಲವಾದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ತಮ್ಮ ಆರೋಗ್ಯದ ಬಗ್ಗೆ ಈ ಮನೆಯಲ್ಲಿರುವ ಕಾಳಜಿ ಲೋಕಕ್ಕೇ ಮಾದರಿ. ಚಳಿಗಾಲವಿಡೀ ನನ್ನ ಅತ್ತೆ ಲೀಲಾವತಿಯವರ ಕೋಣೆಯ ಗೋಡೆ ನೀರಿಳಿದು ಬೂಷ್ಟು ಹಿಡಿಯುತ್ತಿದ್ದರೂ, ಮನೆಗೆ ಒಂದೇ ಇರುವ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ತಮ್ಮ ಬೀರುವಿನ ಮುಂದೆಯೇ ಗುರುಗುಟ್ಟುತ್ತಿತ್ತು. ಹೆತ್ತ ತಾಯಿಯ ಮಂಡಿಗೆ ಎಣ್ಣೆ ಹಚ್ಚಲು ಬಗ್ಗದ ತಮ್ಮ ಒಡೆಯರು ತಮ್ಮ ಬೆನ್ನಿನ ಬೆಸುಗೆ ನೋಡಲು ಮಸೂರ ಹಿಡಿದು ಗಂಟೆಗಟ್ಟಲೆ ಬಗ್ಗಿರುತ್ತಾರೆ. ಅಚ್ಚು ಎಷ್ಟು ಚೂಪಾಗಿ ಬಿದ್ದಿದೆ, ಪಿನ್ನಿನ ಕೀಲನ್ನು ಹೇಗೆ ಕೂರಿಸಿದ್ದಾರೆ, ತಯಾರಕನ ಮುದ್ರೆ ಎಲ್ಲಿದೆ ಎಂಬುದೆಲ್ಲ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. ಹಿಟ್ಲರನ ಸರ್ಕಾರ ತಮ್ಮನ್ನು ಯಾರ ಎದೆಗೆ, ಯಾವ ಘನಕಾರ್ಯಕ್ಕಾಗಿ ಚುಚ್ಚಿತು ಎಂದು ಒಮ್ಮೆ ಕೇಳಿದ್ದಕ್ಕೆ ಮಾತ್ರ, ‘ಅದೆಲ್ಲ ಹಿಸ್ಟರಿ ಕಣೇ, ನಾನು ನೋಡೋದು ಕೆಲಸಗಾರಿಕೆ’ ಎಂದು ಬಾಯಿ ಮುಚ್ಚಿಸಿದರು.

ಈ ಸಲದ ನವರಾತ್ರಿಗೆ ಅತ್ತೆಯವರು ಮೈಸೂರಿನಿಂದ ತಂದ ಪಟ್ಟದ ಗೊಂಬೆಗಳನ್ನು ಕೂರಿಸಿದರು. ರಾಜನ ಎದೆ ಬೋಳಾಯಿತೆಂದು ಕೊರಗುತ್ತಿದ್ದ ಅವರ ಕಣ್ಣಿಗೆ, ಬೀಗ ಹಾಕಲು ಮರೆತ ಬೀರುವಿನಲ್ಲಿ ತಾವು ಬಿದ್ದಿರಿ. ಹಿತ್ತಾಳೆ ಕಪ್ಪಾಗಿದೆ, ಮೇಲೆ ಸ್ವಸ್ತಿಕ ಬೇರೆ ಇದೆ, ಯಾವುದೋ ದೇವರ ಬಿಲ್ಲೆಯಿರಬೇಕೆಂದು ಬಗೆದ ಆ ಪುಣ್ಯಾತ್ಗಿತ್ತಿ ತಮ್ಮನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಹೊಳೆಯಿಸಿ, ಕುಂಕುಮವಿಟ್ಟು, ಸ್ವಸ್ತಿಕ ವಾಲಿದೆಯೆಂದು ತಿರುಗಿಸಿ ನೇರ ಮಾಡಿ, ರಾಜನ ರೇಷ್ಮೆ ಅಂಗಿಗೆ ಚುಚ್ಚಿದರು. ಸ್ವಸ್ತಿಕ ನೆಟ್ಟಗಾದದ್ದೇ ತಮ್ಮ ಹದ್ದು ಕುಡಿದವರಂತೆ ಪಕ್ಕಕ್ಕೆ ಒರಗಿತು. ತಾವು ಹುಟ್ಟಿದಂದಿನಿಂದ ಯಾರಿಗೂ ಹೆದರಿಕೆಯಾಗದಂತೆ ಕಂಡದ್ದು ಬಹುಶಃ ಅದೊಂದು ಮಧ್ಯಾಹ್ನ.

ಆ ಮಧ್ಯಾಹ್ನವೇ ಪಕ್ಕದ ಮನೆಯ ರೂತ್ ಆಂಟಿ ಗೊಂಬೆ ನೋಡಲು ಬಂದರು. ಅತ್ತೆಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು; ಆದರೂ ಅವರ ಮರದ ನಿಂಬೆಹಣ್ಣು ಬೇಲಿ ದಾಟಿ ಬರುತ್ತಿತ್ತು, ನಮ್ಮ ಚಿತ್ರಾನ್ನ ಬೇಲಿ ದಾಟಿ ಹೋಗುತ್ತಿತ್ತು, ಈ ದೇಶದಲ್ಲಿ ಅತ್ತೆಗಿದ್ದ ಗೆಳತಿ ಅವರೊಬ್ಬರೇ. ರೂತ್ ಆಂಟಿಯ ತಂದೆ ಬರ್ಲಿನ್ನಿನಿಂದ ತಪ್ಪಿಸಿಕೊಂಡು ವೆಲಿಂಗ್ಟನ್ನಿಗೆ ಬಂದ ಯಹೂದಿ. ಆಂಟಿಯ ಅಜ್ಜಿಗೂ ಸೋದರತ್ತೆಗೂ ಬರಲಾಗಲಿಲ್ಲ, ಅವರಿಗೆ ಒಂದು ಗೋರಿಯೂ ಇಲ್ಲ. ಕೈಯಲ್ಲಿ ಹೂವು ಹಿಡಿದೇ ತಮ್ಮ ಮುಂದೆ ನಿಂತುಬಿಟ್ಟ ಅವರು, ತಮ್ಮ ಒಡೆಯರ ಕಡೆ ತಿರುಗಿ, ಇದನ್ನು ಯಾರಿಗೆ ಕೊಟ್ಟರು, ಅವನು ಏನು ಮಾಡಿದ್ದಕ್ಕೆ ಕೊಟ್ಟರು ಎಂದು ಮೆಲ್ಲಗೆ ಕೇಳಿದರು. ಒಡೆಯರು ಕೀಲಿನ ವಿಷಯ ಹೇಳಿದರು. ನಿಜವಾಗಿಯೂ ಹೇಳಿದರು, ಮಾನ್ಯರೇ: ಇದು ಕೈಯಲ್ಲೇ ಕೂರಿಸಿದ ಕೀಲು, ಇಂಥ ಕೆಲಸ ಈಗೆಲ್ಲಿದೆ ಎಂದು. ರೂತ್ ಆಂಟಿ ಹೂವನ್ನು ಅತ್ತೆಯ ಕೈಗಿಟ್ಟು ಹೊರಟುಹೋದರು, ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವರು ಹೋದ ಮೇಲೆ ತಮ್ಮ ಒಡೆಯರು ಕಣ್ಣೀರು ಹಾಕಿದ್ದು ಸುಳ್ಳಲ್ಲ. ‘ಎಂಬತ್ತು ವರ್ಷದ ಕಪ್ಪು, ಅದರ ಬೆಲೆಯೆಲ್ಲ ಆ ಕಪ್ಪಲ್ಲೇ ಇದ್ದದ್ದು, ಒಂದು ಗಳಿಗೇಲಿ ತಿಕ್ಕಿ ತೆಗೆದುಬಿಟ್ಟೆಯಲ್ಲಮ್ಮಾ’ ಎಂದು ಗೋಳಾಡಿದರು. ತಾವು ಯಾರ ಕಡೆಯವರೆಂದು ನಾನು ಅಷ್ಟರಲ್ಲಿ ಅತ್ತೆಗೆ ಬಿಡಿಸಿ ಹೇಳಿದ್ದೆ. ‘ಅಷ್ಟು ಸುಲಭಕ್ಕೆ ಹೋಗತ್ತೇನೋ ಅದು’ ಎಂದವರೇ ಅತ್ತೆ ರಾಜನ ಅಂಗಿ ಬಿಚ್ಚಿ ಒಗೆಯಲು ಹೋದರು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಇಷ್ಟು ಅಗಲದ ರೆಕ್ಕೆ ಪಡೆದಿರುವ ತಾವು ದಯವಿಟ್ಟು ಬೇಲಿ ಹಾರಿ, ರೂತ್ ಆಂಟಿಯ ಅಡುಗೆಮನೆಯ ಕಿಟಕಿಯಲ್ಲಿ ಕುಳಿತು, ಅವರ ಪ್ರಶ್ನೆಗೆ ಖುದ್ದಾಗಿ ಉತ್ತರ ಕೊಡಬೇಕು. ಮರಳುವಾಗ ನಾಲ್ಕು ನಿಂಬೆಹಣ್ಣು ತಂದರೆ ಮಹದುಪಕಾರ. ಅದಾಗದಿದ್ದರೆ ತಮ್ಮ ಒಡೆಯರ ಬಾಯಿಂದ ‘ತಪ್ಪಾಯ್ತು’ ಎಂಬ ಒಂದು ಮಾತನ್ನು ಹೊರಡಿಸಬೇಕು. ಅಷ್ಟು ಚಿಕ್ಕ ವಸ್ತುವಿನ ಕೆಲಸಗಾರಿಕೆಯನ್ನು ಅವರು ಖಂಡಿತ ಮೆಚ್ಚಿಯಾರು. ನಿಂಬೆ ಬರುವುದು ನಿಂತದ್ದರಿಂದ ಅತ್ತೆ ಈಗ ಪುಳಿಯೋಗರೆ ಮಾಡಿ, ಡಬ್ಬಿ ಹಿಡಿದು, ದಿನವೂ ಬೇಲಿಯ ಹತ್ತಿರ ನಿಂತು ವಾಪಸು ಬರುತ್ತಿದ್ದಾರೆ. ಆಚೆ ಮನೆಯ ಪರದೆ ಸರಿದಿಲ್ಲ.

ತಮ್ಮ ಹೊಸ ಹೊಳಪಿಗೆ ಮಾರುಹೋಗಿರುವ,
ತಮ್ಮ ವಿಶ್ವಾಸಿ,
ವಂದನಾ

ಮರೆತ ಮಾತು: ಈ ಪತ್ರವನ್ನು ತಮ್ಮ ಬೀರುವಿನ ಗಾಜಿಗೆ ಅಂಟಿಸಿದ್ದೇನೆ. ಅಕ್ಷರ ಬೇಕೆಂದೇ ಸಣ್ಣದು. ಮಸೂರವಿಲ್ಲದೆ ಕಾಣುವುದನ್ನು ತಮ್ಮ ಒಡೆಯರು ನೋಡುವುದಿಲ್ಲ. ಡಿಹ್ಯೂಮಿಡಿಫೈಯರ್ ಇಂದಿನಿಂದ ಅತ್ತೆಯ ಕೋಣೆಯಲ್ಲಿರುತ್ತದೆ. ಪುಳಿಯೋಗರೆಗೆ ನೆನೆಹಾಕಿದ ಹುಣಸೆ ಬಟ್ಟಲಲ್ಲಿ ಇನ್ನೂ ಧಾರಾಳವಾಗಿ ಉಳಿದಿದೆ. ಬೀರುವಿನಲ್ಲಿರುವ ತಮ್ಮ ಅಣ್ಣತಮ್ಮಂದಿರಾದ ಉಳಿದ ಬ್ಯಾಡ್ಜುಗಳ ಮೈಮೇಲಿನ ಕಪ್ಪು ಹಾಗೆಯೇ ಉಳಿಯಬೇಕಾದರೆ, ನಾಳೆಯ ಡಬ್ಬಿಯನ್ನು ಬದರಿನಾಥರು ಸ್ವತಃ ಹಿಡಿದುಕೊಂಡು ಬೇಲಿ ಬಳಸಿ ರೂತ್ ಆಂಟಿಯ ಬಾಗಿಲು ತಟ್ಟಲಿ, ಕೀಲಿನ ವಿಷಯ ಎತ್ತದೆ.