ಮಾಳಿಗೆಗೆ ಕಟ್ಟಿದ ಮಾಂಜರಪಾಟು

ಮನೆ ಹೇಗಿದೆ ಎಂದು ತಿಳಿಯಬೇಕಾದರೆ ಅಂಗಾತ ಮಲಗಿ ನೋಡಬೇಕು. ನಡೆದಾಡುವವರು ಮನೆ ನೋಡುವುದಿಲ್ಲ. ಅವರ ಕಣ್ಣಿಗೆ ಬೀಳುವುದು ನೆಲ, ಗೋಡೆ, ಬಾಗಿಲು, ಹೆಚ್ಚೆಂದರೆ ಊಟದ ತಾಟು. ತಲೆಯ ಮೇಲೆ ಏನಿದೆ ಎಂಬುದು ಮೂರು ಜನಕ್ಕೆ ಮಾತ್ರ ಗೊತ್ತು: ತೊಟ್ಟಿಲಲ್ಲಿರುವ ಕೂಸಿಗೆ, ಬಾಣಂತಿಗೆ, ಕಾಲು ಮುರಿದುಕೊಂಡವರಿಗೆ. ಕೂಸಿಗೆ ಮಾತು ಬರುವುದಿಲ್ಲ. ಬಾಣಂತಿ ಏನಾದರೂ ಹೇಳಹೋದರೆ "ಸುಮ್ಮನ ಮಲಕೊ, ಗಾಳಿ ಹತ್ತತೈತಿ" ಎಂದು ಬಾಯಿ ಮುಚ್ಚಿಸುತ್ತಾರೆ. ನಾನು ಮೂರು ಬಾಣಂತನ ಮುಗಿಸಿದವಳು. ಹಾಗಾಗಿ ಮಾಳಿಗೆಯ ವಿಷಯದಲ್ಲಿ ನನ್ನಷ್ಟು ತಿಳಿದವರು ಮೂಡಲಗಿಯಲ್ಲಿ ಇನ್ನೊಬ್ಬರಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಬೇರೆ ವಿಷಯಗಳಲ್ಲೂ ಹೇಳಬಲ್ಲೆ, ಆದರೆ ಇವತ್ತಿಗೆ ಇಷ್ಟು ಸಾಕು.

ನನ್ನ ತವರು ಗೋಕಾಕ. ಗೋಕಾಕದವರಿಗೆ ತಮ್ಮೂರಿನ ಗಾಳಿ ಕುಡಿದವರೇ ಬೇರೆ ಎಂಬ ಭಾವನೆ ಇದೆ, ಮತ್ತು ಅದು ಸುಳ್ಳಲ್ಲ. ಮೂರನೆಯ ಬಾಣಂತನಕ್ಕೆ ಹೋದಾಗ ನಮ್ಮಪ್ಪ ಒಳಕೋಣೆಯ ಮೇಲೆ ಬಿಳಿ ಬಟ್ಟೆಯ ಮೇಲ್ಕಟ್ಟು ಕಟ್ಟಿಸಿದ್ದ. ಆ ಬೆಳ್ಳಗಿನ ಬಟ್ಟೆ ನೋಡುತ್ತ ತಿಂಗಳುಗಟ್ಟಲೆ ಮಲಗಿದೆ. ಐದು ತಿಂಗಳ ಕೂಸನ್ನು ಎತ್ತಿಕೊಂಡು ಮೂಡಲಗಿಗೆ ಬಂದವಳು ಪಡಸಾಲೆಯಲ್ಲಿ ತಲೆ ಎತ್ತಿ ನೋಡಿದೆ, ನೋಡಿದವಳೇ ಕೂಸಿನ ಮುಖಕ್ಕೆ ಸೆರಗು ಮುಚ್ಚಿದೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ನೀವು ಕಂಡೇ ಇರುತ್ತೀರಿ. ದಪ್ಪ ತೊಲೆಗಳು, ಅವುಗಳ ಮೇಲೆ ಅಡ್ಡಡ್ಡ ಸಾಲಾಗಿ ಜಂತಿಗಳು, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಅದರ ಮೇಲೆ ಮೊಣಕಾಲೆತ್ತರ ಮಣ್ಣು. ಒಲೆಯ ಹೊಗೆ ಕುಡಿದು ಕುಡಿದು ನಮ್ಮ ಜಂತಿಗಳು ಹಂಚಿನ ತಳದ ಹಾಗೆ ಕಪ್ಪಾಗಿದ್ದವು. ಒಂದು ದಪ್ಪ, ಒಂದು ಸಣ್ಣ, ಒಂದು ಸೊಟ್ಟ, ಒಂದಕ್ಕೆ ನಡುವೆ ಬೋರೆಕಾಯಿಯಷ್ಟು ಗಂಟು. ಸಂದಿನಿಂದ ಯಾವಾಗ ನೋಡಿದರೂ ಮಣ್ಣು ಉದುರುತ್ತಿತ್ತು. ಮಜ್ಜಿಗೆಯಲ್ಲಿ ಮಣ್ಣು, ಹಾಸಿಗೆಯಲ್ಲಿ ಮಣ್ಣು. ಆದರೂ ಹನ್ನೆರಡು ವರ್ಷ ನಾನು ಇದರ ಕೆಳಗೆ ಬಾಳುವೆ ಮಾಡಿದ್ದೆ ಎಂದರೆ ನನಗೇ ನಂಬಿಕೆ ಬರಲಿಲ್ಲ.

ಈ ಮಾತನ್ನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ, ಆದರೆ ದೀಪಾವಳಿ ಮುಗಿದ ಮೇಲೆ ನಮ್ಮ ಮಾವನವರು ಮಸಗುಪ್ಪಿಯ ಹೊಲದಲ್ಲಿ ಚಕ್ಕಡಿಯಿಂದ ಬಿದ್ದು ತೊಡೆ ಮುರಿದುಕೊಂಡರು. ನಿಡಸೋಸಿ ಕಡೆಯಿಂದ ಎಲುಬು ಕೂಡಿಸುವ ವೈದ್ಯರನ್ನು ಕರೆಸಿದೆವು. ಅವರು ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿ, "ಇವತ್ತಿಂದ ನಲವತ್ತೈದ ದಿನ ಅಂಗಾತ ಮಲಗಬೇಕ್ರಿ ಗೌಡ್ರ. ಒಂದ ದಿನ ಮೊದಲ ಎದ್ರಿ ಅಂದ್ರ ಕಾಲ ಸೊಟ್ಟ ಆಗತೈತಿ" ಎಂದು ಹೇಳಿ ತಮ್ಮ ದಾರಿ ಹಿಡಿದರು. ಮಾವನವರು ಕೇಳಿದ್ದು ಒಂದೇ ಪ್ರಶ್ನೆ: "ಎಳ್ಳಮಾಸಿಗೆ ಹೊಲಕ್ಕ ಹೋಗಬಹುದೇನ್ರಿ?" ಎಳ್ಳಮವಾಸ್ಯೆಯ ದಿನ ಬೆಳೆದು ನಿಂತ ಜೋಳದಲ್ಲಿ ಭೂಮಿತಾಯಿಗೆಂದು ಹಬ್ಬದ ಅಡಿಗೆಯ ಚರಗ ಚೆಲ್ಲುವುದು ಅವರ ಕೈಯ ಕೆಲಸ. ತಮ್ಮ ತಂದೆ ತೀರಿದ ವರ್ಷದಿಂದ ಒಂದು ಸಲವೂ ಅದನ್ನು ಬೇರೆಯವರಿಗೆ ಬಿಟ್ಟವರಲ್ಲ. "ಸರಿಯಾಗಿ ಮಲಗಿದ್ರ ಅಷ್ಟೊತ್ತಿಗೆ ಏಳ್ತೀರಿ" ಎಂದರು ವೈದ್ಯರು. ಹೀಗೆ ಮಾವನವರು ಪಡಸಾಲೆಯ ಹೊರಸಿನ ಮೇಲೆ ಮಲಗಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ಸೊಸೆ ಮಾವನ ಜೊತೆ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ. ಹನ್ನೆರಡು ವರ್ಷದಲ್ಲಿ ನಾನು ಅವರಿಗೆ ಒಂದು ಮಾತೂ ಆಡಿರಲಿಲ್ಲ, ಅವರೂ ನನಗೆ ಆಡಿರಲಿಲ್ಲ. ಅಂದರೆ ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದಲ್ಲ. ಹೇಳುವುದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದೆ. "ಏನ ಬೆಕ್ಕ, ಜಳಕದ ನೀರ ಕಾದಾವು, ಆರಿ ಹೊಂಟಾವು" ಎಂದರೆ ಪಡಸಾಲೆಯಿಂದ ಕೆಮ್ಮು ಕೇಳುತ್ತಿತ್ತು, ಮಾವನವರು ಜಳಕಕ್ಕೆ ಏಳುತ್ತಿದ್ದರು. ಮಕ್ಕಳ ಕೈಯಲ್ಲಿ ಹೇಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಕ್ಕಳು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತವೆ, ಅದಕ್ಕಿಂತ ಬೆಕ್ಕು ವಾಸಿ. ಮಾವನವರು ಹೇಳುವುದು ಅತ್ತೆಯವರ ಮೂಲಕ ಬರುತ್ತಿತ್ತು, ಬರುವಾಗ ಅರ್ಧ ದಾರಿಯಲ್ಲೇ ಉದುರಿ ಹೋಗುತ್ತಿತ್ತು. "ಪಲ್ಯ ಚಲೋ ಆಗೇತಿ ಅಂತ ಹೇಳು" ಎಂದು ಅವರು ಯಾವತ್ತಾದರೂ ಅಂದಿರಬಹುದು, ಆದರೆ ಅತ್ತೆಯವರು ಅದನ್ನು ನನ್ನ ತನಕ ಮುಟ್ಟಿಸಿಲ್ಲ. ಆ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಆಸೆ ನನಗೆ ಬಹಳ ಇತ್ತು. ಇದನ್ನು ಮುಚ್ಚಿಡುವುದೇಕೆ?

ಒಂದು ಬೆಳಿಗ್ಗೆ ನೋಡುತ್ತೇನೆ, ಮಾವನವರು ಕಣ್ಣು ಉಜ್ಜಿಕೊಳ್ಳುತ್ತಿದ್ದಾರೆ, ಹಣೆಯ ವಿಭೂತಿಯ ಮೇಲೆ ಮಾಳಿಗೆಯ ಮಣ್ಣು. ಈ ಮಾಳಿಗೆಯನ್ನು ಮುಚ್ಚಿಸಲೇಬೇಕು ಎಂದು ಅವತ್ತೇ ನಿರ್ಧಾರ ಮಾಡಿಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ನಮ್ಮವರು ಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡುವವರು. ಯಾವ ಸಮಸ್ಯೆಗೂ ಅಂಗಡಿಯಲ್ಲಿ ಆಗಲೇ ಇರುವ ವಸ್ತುವಿನಿಂದ ಪರಿಹಾರ ಹುಡುಕುವುದು ಅವರ ಸ್ವಭಾವ.

"ಗೋಣಿತಟ್ಟ ಹೊಲಿಸಿ ಬಡದ್ರ ಆತು" ಎಂದರು.

"ಬೆಲ್ಲದ ವಾಸನಿಗೆ ಮೂಡಲಗಿ ಇರಿವಿ ಎಲ್ಲಾ ಮಾಮಾರ ಮ್ಯಾಲ ಬರ್ತಾವು" ಎಂದೆ.

ಮರುದಿನ ಹಳೆಯ ವರ್ತಮಾನ ಪತ್ರಿಕೆಗಳ ಕಟ್ಟು ತಂದರು, ಗಂಜಿ ಹಚ್ಚಿ ಅಂಟಿಸೋಣವೆಂದು. ಒಂದು ಮೂಲೆಯಲ್ಲಿ ನಾಲ್ಕು ಹಾಳೆ ಅಂಟಿಸಿಯೂ ನೋಡಿದರು. ಅಂಟಿಸುತ್ತ ಅಂಟಿಸುತ್ತ ಓದಲು ಶುರು ಮಾಡಿ, ಕತ್ತು ಹಿಂದಕ್ಕೆ ಬಾಗಿಸಿಕೊಂಡು ಅರ್ಧ ತಾಸು ನಿಂತೇಬಿಟ್ಟರು. ಆಮೇಲೆ ಬೆಲ್ಲ ಕೊಳ್ಳಲು ಅವರನ್ನು ಹುಡುಕಿಕೊಂಡು ಮನೆಗೇ ಬಂದ ಮಮದಾಪುರದ ಒಬ್ಬರು ಅವರ ಬಾಜೂ ನಿಂತು ಕತ್ತು ಎತ್ತಿದರು. ಸಂಜೆಯ ಹೊತ್ತಿಗೆ ಇಬ್ಬರ ಕುತ್ತಿಗೆಗೂ ಎಣ್ಣೆ ತಿಕ್ಕಬೇಕಾಯಿತು. ರಾತ್ರಿ ಗಂಜಿಯ ಆಸೆಗೆ ಬಂದ ಜಿರಳೆಗಳು ಸುದ್ದಿಯನ್ನೆಲ್ಲ ತಿಂದು ಮುಗಿಸಿದವು. ಪತ್ರಿಕೆಯ ಕಥೆ ಅಲ್ಲಿಗೆ ಮುಗಿಯಿತು.

ಬಿದಿರಿನ ತಟ್ಟಿ ಹೊಡೆಸೋಣವೆಂದು ನಾನು ಮೇದಾರರನ್ನು ಕರೆಸಿದೆ. ಅವರು ಅಳತೆ ತೆಗೆದುಕೊಳ್ಳುವಾಗ ಅತ್ತೆಯವರು ಒಳಗಿನಿಂದ ಬಂದು, "ತಟ್ಟಿಗೂ ಮಾಳಿಗಿಗೂ ನಡುವ ಜಾಗಾ ಉಳಿತೈತಲ್ಲ, ಅದ ಯಾರಿಗೆ? ಇಲಿಗೋಳಿಗೆ ಅಟ್ಟದ ಮನಿ ಕಟ್ಟಿಸಿ ಕೊಡಾಕತ್ತೇನ ನೀ?" ಎಂದರು. ಮೇದಾರರು ಅಳತೆಯ ಹಗ್ಗ ಸುತ್ತಿಕೊಂಡು ಹೋದರು. ಚಿಮಣಿ ಎಣ್ಣೆಯ ಡಬ್ಬಿ ಬಿಚ್ಚಿ ತಗಡು ಹೊಡೆಸುವ ಯೋಚನೆಯೂ ಬಂತು. ನನ್ನ ತವರಿನ ಓಣಿಯಲ್ಲಿ ಒಂದು ಮನೆಗೆ ಹಾಗೆ ಮಾಡಿಸಿದ್ದರು, ಹಲ್ಲಿ ಓಡಿದರೆ ಕುದುರೆ ಓಡಿದ ಹಾಗೆ ಕೇಳುತ್ತಿತ್ತು. ಕಾಲು ಮುರಿದವರ ಮೇಲೆ ಕುದುರೆ ಓಡಿಸುವುದು ಬೇಡವೆನಿಸಿತು. ಸಾಗವಾನಿ ಹಲಗೆ ಎಂದು ನಾನು ಒಂದೇ ಸಲ ಬಾಯಿ ಬಿಟ್ಟೆ. ನಮ್ಮವರು ಅವತ್ತು ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಕೊನೆಗೆ ನಾನು ಮೊದಲೇ ಅಂದುಕೊಂಡಿದ್ದೇ ಆಯಿತು. ಗೋಕಾಕದ ಹಾಗೆ ಬಟ್ಟೆ ಕಟ್ಟುವುದು, ಮಾಂಜರಪಾಟು, ಗಟ್ಟಿಯಾದದ್ದು, ಬೆಳ್ಳಗೆ ಒಗೆದದ್ದು. ಬೆಕ್ಕನ್ನು ಕರೆದು ಜೋರಾಗಿ ಕೇಳಿದೆ: "ಏನ ಬೆಕ್ಕ, ಮ್ಯಾಲ ಬಿಳೇ ಅರಬಿ ಕಟ್ಟಿದ್ರ ಮಾಮಾರಿಗೆ ಚಲೋ ಆಗತೈತೇನ?" ಕೆಮ್ಮು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆಯವರು ಅಡಿಗೆಮನೆಗೆ ಬಂದು, "ಮಾಡ್ಲಿ ಅಂದಾರ ನೋಡವಾ" ಎಂದರು. ನಾನು ಉಬ್ಬಿ ಹೋದೆ. ಮಾವನವರು ಹೇಳಿದ್ದು "ಆಕಿಗೆ ಹೌಸ ಐತಿ, ಬ್ಯಾಡಂದ್ರ ಮನಸಿಗೆ ಹಚಗೋತಾಳ, ಮಾಡ್ಲಿ" ಎಂದು. ಅತ್ತೆಯವರು ಕೊನೆಯ ಒಂದು ಶಬ್ದವನ್ನಷ್ಟೇ ನನಗೆ ತಂದು ಕೊಟ್ಟಿದ್ದರು. ಇದು ಗೊತ್ತಾಗಿದ್ದು ಆಮೇಲೆ.

ಸೋಮವಾರ ಒಳ್ಳೆಯ ದಿನವೆಂದು ಅವತ್ತೇ ಬಟ್ಟೆ ಕಟ್ಟಿಸಿದೆ. ಪಡಸಾಲೆಗೆ ಪಡಸಾಲೆಯೇ ಬೆಳಗಿತು. ಓಣಿಯ ಹೆಂಗಸರು ಬಂದು ನೋಡಿ ಗಲ್ಲಕ್ಕೆ ಕೈ ಇಟ್ಟುಕೊಂಡರು. ಎಲ್ಲಕ್ಕಿಂತ ಹೆಚ್ಚಿಗೆ ನನಗೆ ಸಂತೋಷವಾದದ್ದು ಮಾವನವರನ್ನು ನೋಡಿ. ಅವರು ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದರು. ಬೆಳಿಗ್ಗೆ ಹಾಲು ಒಯ್ದಾಗಲೂ ನೋಡುತ್ತಿದ್ದರು, ಸಂಜೆ ದೀಪ ಹಚ್ಚುವಾಗಲೂ ನೋಡುತ್ತಿದ್ದರು. ಇಷ್ಟು ಮೆಚ್ಚುತ್ತಾರೆಂದು ನಾನೂ ಅಂದುಕೊಂಡಿರಲಿಲ್ಲ. ಮಂಗಳವಾರ ರೊಟ್ಟಿ ಒಂದು ಕಡಿಮೆ ತಿಂದರು, ಬುಧವಾರ ಎರಡು ಕಡಿಮೆ. ಚಂದದ ವಸ್ತು ನೋಡುತ್ತ ಮಲಗಿದವರಿಗೆ ಹಸಿವು ಕಡಿಮೆಯಾಗುತ್ತದೆ ಎಂದು ನಮ್ಮವರಿಗೆ ವಿವರಿಸಿ ಹೇಳಿದೆ. ಅವರೂ ನಂಬಿದರು.

ಗುರುವಾರ ಮಾವನವರು ಅತ್ತೆಯವರನ್ನು ಕೇಳಿದರು: "ಇವತ್ತಿಗೆ ಎಷ್ಟ ದಿನ ಆತು?"

"ಮೂವತ್ತಾದ್ವಲ್ಲ" ಎಂದರು ಅತ್ತೆಯವರು. ಬಿದ್ದ ದಿನದಿಂದ ಅವರ ಎಣಿಕೆ.

"ಎಲ್ಲಿ ಮೂವತ್ತು, ಇಪ್ಪತ್ತೆರಡ" ಎಂದರು ನಮ್ಮವರು. ವೈದ್ಯರು ಎರಡನೆಯ ಸಲ ಬಂದು ದಬ್ಬೆ ಬಿಗಿ ಮಾಡಿದ ದಿನದಿಂದ ಅವರದು.

"ಮೊದಲ ಕಟ್ಟಿದ್ದ ಯಾವ ದಿನ, ಅದನ್ನ ಹೇಳ್ರಿ" ಎಂದರು ಮಾವನವರು. ಅತ್ತೆಯವರು ಸಂತೆಯ ದಿನ ಎಂದರು, ಅವತ್ತು ತಂದ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದೆ ಎಂದು ಸಾಕ್ಷಿ ಕೊಟ್ಟರು. ನಮ್ಮವರು ಸಂತೆಯ ದಿನ ತಾವು ಮನೆಯಲ್ಲೇ ಇರುವುದಿಲ್ಲ, ಅವತ್ತು ಇದ್ದೆ, ಆದ್ದರಿಂದ ಸಂತೆಯಲ್ಲ ಎಂದರು. ಅತ್ತೆಯ ಎಣಿಕೆಗೆ ಎದ್ದರೆ ಕಾಲು ಸೊಟ್ಟ, ಮಗನ ಎಣಿಕೆಗೆ ಎದ್ದರೆ ಎಳ್ಳಮವಾಸ್ಯೆ ದಾಟಿ ಹೋಗುತ್ತದೆ. ಮಾವನವರು ಮತ್ತೆ ಮೇಲೆ ನೋಡಿದರು. ಆಗಲೂ ನನಗೆ ಹೊಳೆಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಅತ್ತೆಯವರು ದೊಡ್ಡ ಮಕ್ಕಳಿಬ್ಬರನ್ನು ಕರೆದುಕೊಂಡು ಮಠಕ್ಕೆ ಹೋಗಿದ್ದರು. ನಮ್ಮವರು ಅಂಗಡಿಯಲ್ಲಿ. ಕೂಸು ಮಲಗಿತ್ತು. ಬೆಕ್ಕು ಕೂಡ ಮನೆಯಲ್ಲಿರಲಿಲ್ಲ. ನಾನು ಅಡಿಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಪಡಸಾಲೆಯಿಂದ ಒಂದು ಧ್ವನಿ ಬಂತು.

"ಯವ್ವಾ."

ಯಾರನ್ನು ಕರೆಯುತ್ತಿದ್ದಾರೆಂದು ನಾನು ಹಿಂದೆ ಮುಂದೆ ನೋಡಿದೆ.

"ಯವ್ವಾ, ನಿನಗs ಹೇಳಾಕತ್ತೇನಿ. ಆ ಅರಬಿ ತಗೀತಿ ಏನು? ನನ್ನ ದಿನಾ ಎಲ್ಲಾ ಅದರ ಹಿಂದ ಅದಾವು."

ಹನ್ನೆರಡು ವರ್ಷದಿಂದ ನಾನು ಅವರಿಗೆ ಹೇಳಬೇಕೆಂದು ಎಷ್ಟೋ ಮಾತು ಜೋಡಿಸಿಟ್ಟಿದ್ದೆ. ಬಾಗಿಲ ಹತ್ತಿರ ಸೆರಗು ಎಳೆದುಕೊಂಡು ನಿಂತೆ. ನನ್ನ ಬಾಯಿಂದ ಬಂದದ್ದು "ಹೂಂರಿ" ಎಂಬುದೊಂದೇ. ಆಮೇಲೆ ಅವರು ಮೇಲೆ ನೋಡಿಕೊಂಡೇ ಹೇಳಿದರು. ಕಾಲು ಕಟ್ಟಿದ ದಿನ ಬಾಗಿಲ ಕಡೆಯ ಮೊದಲ ಜಂತಿಯ ಮೇಲೆ ಕಣ್ಣಿಟ್ಟಿದ್ದರಂತೆ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿದ ಕೂಡಲೇ ಒಂದು ಜಂತಿ ಮುಂದೆ. ದಪ್ಪ ಜಂತಿಯ ದಿನ, ಸಣ್ಣ ಜಂತಿಯ ದಿನ, ಸೊಟ್ಟ ಜಂತಿಯ ದಿನ ಎಂದು ಒಂದೊಂದನ್ನೂ ಕಳೆದಿದ್ದರಂತೆ. ನಲವತ್ತೈದನೆಯದು ದೇವರಕೋಣೆಯ ಬಾಗಿಲ ಮೇಲೆ ಬರುತ್ತದೆ, ಅವತ್ತು ಏಳುವುದು. ನಾನು ಕುರೂಪ ಕುರೂಪ ಎಂದು ಮುಚ್ಚಿದ್ದು ಅವರ ಪಂಚಾಂಗವನ್ನು. ಮೂರು ಬಾಣಂತನದಲ್ಲಿ ನಾನೂ ಮಲಗಿ ದಿನ ಎಣಿಸಿದವಳೇ. ನನಗೆ ಇದು ತಿಳಿಯದೆ ಹೋಯಿತಲ್ಲ ಎಂದು ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಯಾರಾದರೂ ಬರಲಿ ಎಂದು ಕಾಯಲಿಲ್ಲ. ಹಿತ್ತಲಿನ ನಿಚ್ಚಣಿಕೆ ತಂದು ಆನಿಸಿ, ಸೀರೆ ಎತ್ತಿ ಕಟ್ಟಿಕೊಂಡು ಹತ್ತಿದೆ. ಮಾವನ ಎದುರು ಹೊರಸಿನ ಮೇಲೆ ಕೂರದ ಸೊಸೆ ಮಾವನ ತಲೆಯ ಮೇಲೆಯೇ ನಿಂತಿದ್ದೆ. ಒಂದು ಮೂಲೆಯ ಹುರಿ ಬಿಚ್ಚಿದ್ದೇ ತಡ, ಐದು ದಿನ ಬಟ್ಟೆಯಲ್ಲಿ ಕೂಡಿದ್ದ ಮಣ್ಣೆಲ್ಲ ಒಂದೇ ಸಲಕ್ಕೆ ಅವರ ಎದೆಯ ಮೇಲೆ ಸುರಿಯಿತು. ನಾನು ನಿಚ್ಚಣಿಕೆಯನ್ನು ಅಪ್ಪಿ ಹಿಡಿದೆ. ಕೆಳಗಿನಿಂದ ಹೊಸ ತರಹದ ಸದ್ದು ಕೇಳಿತು. ಮಾವನವರು ನಗುತ್ತಿದ್ದರು.

"ದಿನಾ ಒಂದೀಟ ಬೀಳ್ತಿತ್ತು. ನೀ ಕೂಡಿಸಿ ಹಾಕಿದಿ ನೋಡು" ಎಂದರು. ಉಳಿದ ಹುರಿಗಳನ್ನೂ ಬಿಚ್ಚಿ ನಾನು ಬಟ್ಟೆ ಇಳಿಸಿದ ಮೇಲೆ, "ಆ ಗಂಟಿನ ಜಂತಿ ಕಾಣತೈತೇನ? ಆ ದಿನ ನೀ ಅರಬಿ ಕಟ್ಟಿದಿ. ಸೋಮವಾರ. ಅಲ್ಲಿಂದ ನಾಕು ಮುಂದ ಹೋಗು."

ಬಾಗಿಲ ಕಡೆಯಿಂದ ಎಣಿಸಿದರೆ ಗಂಟಿನ ಜಂತಿ ಇಪ್ಪತ್ತಮೂರನೆಯದು. ಅದರಿಂದ ನಾಲ್ಕು ಎಣಿಸಿದೆ. ಇಪ್ಪತ್ತೇಳು. ಮತ್ತೆ ತಪ್ಪಬಾರದೆಂದು ಅವರ ಎಲೆಅಡಿಕೆಯ ಚಂಚಿಯಿಂದ ಸುಣ್ಣ ತೆಗೆದು ಆ ಜಂತಿಗೆ ಒಂದು ಬೊಟ್ಟು ಇಟ್ಟೆ. ಅವತ್ತಿನಿಂದ ದಿನಾ ಬೆಳಿಗ್ಗೆ ನಾನು ನಿಚ್ಚಣಿಕೆ ಹತ್ತಿ ಒಂದು ಬೊಟ್ಟು ಇಡುವುದು, ಅವರು ಕೆಳಗಿನಿಂದ "ಹೂಂ, ಸರಿ ಐತಿ" ಎನ್ನುವುದು. ಅತ್ತೆಯವರು ಮೊದಲ ದಿನ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು, ಎರಡನೆಯ ದಿನ ನಿಚ್ಚಣಿಕೆ ಹಿಡಿದುಕೊಂಡರು. ನಲವತ್ತೈದನೆಯ ದಿನ ವೈದ್ಯರು ಬಂದು ಕಟ್ಟು ಬಿಚ್ಚಿದರು. ಕಾಲು ನೆಟ್ಟಗಿತ್ತು. ಎಳ್ಳಮವಾಸ್ಯೆಗೆ ಮಾವನವರು ಚಕ್ಕಡಿಯಲ್ಲಿ ಮಸಗುಪ್ಪಿಗೆ ಹೋಗಿ, ಕೋಲೂರಿ ನಿಂತು, ತಮ್ಮ ಕೈಯಾರೆ ಚರಗ ಚೆಲ್ಲಿದರು.

ಆ ಹಬ್ಬಕ್ಕೆ ಹುಕ್ಕೇರಿಗೆ ಕೊಟ್ಟ ನನ್ನ ನಾದಿನಿ ತನ್ನ ಮನೆಯವರ ಜೊತೆ ಬಂದಿದ್ದಳು. ಅತ್ತೆಯವರು ಅಡಿಗೆಮನೆಯಲ್ಲಿದ್ದರು, ನಮ್ಮವರು ಅಂಗಡಿಯಲ್ಲಿ. ಪಡಸಾಲೆಯಲ್ಲಿ ಕೂತವಳು ತಲೆ ಎತ್ತಿ, "ಇದೇನ್ರಿ ವೈನಿ, ಜಂತಿಗೆ ಸುಣ್ಣದ ಬೊಟ್ಟು?" ಎಂದಳು. ನಾನು ಬಟ್ಟೆ ಕಟ್ಟಿ ಬಿಚ್ಚಿದ ಕಥೆ ಹುಕ್ಕೇರಿಯ ತನಕ ಹೋಗುವುದು ನನಗೆ ಬೇಕಿರಲಿಲ್ಲ.

"ನಮ್ಮ ತವರೂರ ಗೋಕಾವಿ ಕಡಿ ಈಗ ಇದs ಹೊಸಾ ಪದ್ಧತಿ. ಅರಬಿ ಕಟ್ಟೂದೆಲ್ಲಾ ಹಳೇದಾತು" ಎಂದೆ. ಹೇಳಿದ ಮೇಲೆ ನೋಡುತ್ತೇನೆ, ಮಾವನವರು ಅಲ್ಲೇ ಗೋಡೆಗೆ ಆತು ಕೂತಿದ್ದಾರೆ.

"ಹೌದೇನ ಅಪ್ಪಾ?" ಎಂದು ನಾದಿನಿ ಅವರನ್ನೇ ಕೇಳಿದಳು. ಹುಟ್ಟಿದಾಗಿನಿಂದ ಒಂದೂ ಸುಳ್ಳು ಆಡಿದವರಲ್ಲ ಎಂದು ಊರೆಲ್ಲ ಹೇಳುವ ಮನುಷ್ಯ. ಅವರು ಮೇಲೆ ನೋಡಿದರು, ನನ್ನ ಕಡೆ ನೋಡಿದರು, ಮೀಸೆ ಸವರಿಕೊಂಡರು.

"ಹೌದವಾ. ನಮ್ಮ ಸೊಸಿ ಏನ ಮಾಡಿದ್ರೂ ಮುಂದಿಂದು ಹಿಂದಿಂದು ಎಲ್ಲಾ ವಿಚಾರ ಮಾಡೇ ಮಾಡಿರ್ತಾಳ."

ನಾದಿನಿ ಊರಿಗೆ ಹೋಗಿ ತನ್ನ ಮನೆಯ ಜಂತಿಗಳಿಗೂ ಬೊಟ್ಟು ಇಡಿಸಿದಳಂತೆ, ಅದು ಅವಳ ಪಾಡು. ಮಾವನವರ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಬೇಕೆಂದು ಹನ್ನೆರಡು ವರ್ಷ ಕಾದಿದ್ದೆ, ನಾಲ್ಕು ಜನರ ಎದುರಿಗೆ ಕೇಳಿದೆ. ಅದು ಸುಳ್ಳು ಎಂದು ಆ ಪಡಸಾಲೆಯಲ್ಲಿ ಗೊತ್ತಿದ್ದವರು ನಾವಿಬ್ಬರೇ.