ದೊಡ್ಡಮ್ಮನ ಮನೆಯ ಎದುರು ಬಾಗಿಲು

ನನ್ನ ದೊಡ್ಡಮ್ಮನ ಮನೆಗೆ ಎದುರು ಬಾಗಿಲು ಉಂಟು, ಆದರೆ ಅದು ಮನುಷ್ಯರಿಗಲ್ಲ! ನೀವು ಮಂತ್ರಿಯಾಗಿರಿ, ಮದುಮಗನಾಗಿರಿ, ದುಬೈಯಿಂದ ಸೆಂಟು ಹಚ್ಚಿಕೊಂಡು ಇಳಿದವರೇ ಆಗಿರಿ, ಕಾಪುವಿನ ಆ ಮನೆಯಲ್ಲಿ ಬಾವಿಕಟ್ಟೆ ಸುತ್ತಿ, ಒಣಹಾಕಿದ ಸೀರೆಗಳ ನಡುವೆ ನುಸುಳಿ, ಅಡುಗೆಮನೆಯ ಮೂಲಕವೇ ಒಳಗೆ ಹೋಗಬೇಕು. ಏಕೆಂದರೆ ಎದುರು ಬಾಗಿಲಿನ ದಾರಂದದ, ಅಂದರೆ ಚೌಕಟ್ಟಿನ, ಮೇಲರ್ಧದಲ್ಲಿ, ಈ ಬದಿಯಿಂದ ಆ ಬದಿಗೆ, ಒಂದು ಜೇಡ ಬಲೆ ಕಟ್ಟಿಕೊಂಡು ಕೂತಿದೆ. ದೊಡ್ಡಮ್ಮ ಅದನ್ನು ಸಾಕಿದ್ದಾರೆ.

ನಾಯಿ ಸಾಕಿದವರನ್ನು ನೋಡಿದ್ದೇನೆ, ಗಿಳಿ ಸಾಕಿದವರನ್ನೂ ನೋಡಿದ್ದೇನೆ. ಜೇಡ? ಅದೂ ನಮ್ಮ ದೊಡ್ಡಮ್ಮ? ನಂಬುವುದು ಹೇಗೆ ಹೇಳಿ! ಇದೇ ದೊಡ್ಡಮ್ಮ ಹಿಂದೆ ನಮ್ಮ ಮನೆಗೆ ಬಂದರೆ ಮೊದಲು ನೋಡುತ್ತಿದ್ದದ್ದು ನಮ್ಮ ಮುಖವನ್ನಲ್ಲ, ಮಾಡಿನ ಮೂಲೆಯನ್ನು. ಅಲ್ಲಿ ಒಂದೇ ಒಂದು ಎಳೆ ಕಂಡರೂ ಚಹಾ ಕುಡಿಯದೆ, ಸೆರಗು ಸಿಕ್ಕಿಸಿ, ಉದ್ದ ಕೋಲಿನ ಪೊರಕೆ ಕೇಳುತ್ತಿದ್ದರು. ಅಕ್ಕ ಬರುತ್ತಾಳೆಂದರೆ ಜೇಡಗಳೇ ಗಂಟುಮೂಟೆ ಕಟ್ಟುತ್ತವೆ ಎಂದು ನನ್ನ ಅಮ್ಮ ಹೇಳುವುದಿತ್ತು.

ಈಗ? ಫೋನು ಮಾಡಿದರೆ ನನ್ನ ಕ್ಷೇಮ ಕೇಳುವ ಮೊದಲೇ ಶುರು.

"ನಿನ್ನೆಯಿಂದ ಇವಳು ಸರಿ ತಿನ್ನುವುದಿಲ್ಲ ಮಾರಾಯ."

"ಯಾರು ದೊಡ್ಡಮ್ಮ?"

"ಬೇರೆ ಯಾರು? ಎದುರು ಬಾಗಿಲಿನವಳು."

ಒಂದು ಸಂಜೆ ಅವರ ಜಗಲಿಯಲ್ಲಿ ಕೂತಿದ್ದೆ. ಸೊಳ್ಳೆ ಕಾಟ ತಡೆಯದೆ ಸೊಳ್ಳೆಬತ್ತಿಗೆ ಕಡ್ಡಿ ಗೀರಿದ್ದೇ ತಡ, ದೊಡ್ಡಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಅದನ್ನು ಹಚ್ಚಿದರೆ ಇವಳು ಎಂತ ತಿನ್ನುವುದು?"

"ಸೊಳ್ಳೆ ನನ್ನನ್ನು ತಿನ್ನುತ್ತಾ ಉಂಟಲ್ಲ ದೊಡ್ಡಮ್ಮ!"

"ತಿನ್ನಲಿ. ಹೊಟ್ಟೆ ತುಂಬಿದ ಸೊಳ್ಳೆಯೇ ಇವಳಿಗೆ ಒಳ್ಳೆಯದು."

ಅಂದರೆ ನಾನು ಆ ಮನೆಗೆ ನೆಂಟನಾಗಿ ಹೋದದ್ದಲ್ಲ, ಅಡುಗೆಯ ಸಾಮಾನಾಗಿ ಹೋದದ್ದು!

ಆದರೆ ನನಗಿಂತ ಹೆಚ್ಚು ಉರಿದುಕೊಂಡವರು ದೊಡ್ಡಪ್ಪ. ಮಳೆಗಾಲದಲ್ಲಿ ಎದೆನೋವೆಂದು ಮಣಿಪಾಲದ ಆಸ್ಪತ್ರೆ ಸೇರಿ, ಆಪರೇಷನ್ ಆಗಿ, ಬಹಳ ದಿನ ಐಸಿಯುವಿನಲ್ಲಿದ್ದು ಮರಳಿದವರು. ಆರಡಿ ಆಳು, ಜೀವಮಾನದಲ್ಲಿ ಯಾರ ಮುಂದೆಯೂ ಬಗ್ಗಿದವರಲ್ಲ. "ಸತ್ತು ಬದುಕಿ ಬಂದ ಯಜಮಾನನಿಗೆ ಹಿತ್ತಲ ಬಾಗಿಲು! ಎದುರಿನದ್ದು ಎಂಟು ಕಾಲಿನವಳಿಗೆ!" ಎಂದು ಬಂದವರಲ್ಲೆಲ್ಲ ದೂರುತ್ತಿದ್ದರು. ದೊಡ್ಡಮ್ಮ ಕಾರಣ ಹೇಳುತ್ತಿರಲಿಲ್ಲ. "ಇರಲಿ ಬಿಡಿ" ಎಂದು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದರು.

ಹೊಸ ಅಕ್ಕಿ ಊಟದ ದಿನ ಬಂತು. ನಮ್ಮಲ್ಲಿ ಅಂದು ಹೊಸ ಭತ್ತದ ತೆನೆಯನ್ನು ತಲೆಯ ಮೇಲೆ ಹೊತ್ತು, ಜಾಗಟೆ ಬಡಿದು, ಎದುರು ಬಾಗಿಲಿನಿಂದಲೇ ಒಳಗೆ ತರಬೇಕು. ಆಮೇಲೆ ಒಂದೊಂದೇ ತೆನೆಯನ್ನು ಮಾವಿನೆಲೆ, ಹಲಸಿನೆಲೆಯಲ್ಲಿ ಸುತ್ತಿ ಬಾವಿ, ತೆಂಗಿನಮರ, ಸ್ಕೂಟರ್ ಎನ್ನದೆ ಮನೆಗೆ ಸೇರಿದ್ದಕ್ಕೆಲ್ಲ ಕಟ್ಟಬೇಕು. ದೊಡ್ಡಪ್ಪ ತೆನೆ ಹೊತ್ತು ಮೆಟ್ಟಿಲು ಹತ್ತಿದರು. ಜಾಗಟೆ ನನ್ನ ಕೈಯಲ್ಲಿ. ಎದುರಿಗೆ ಬಲೆ, ಬಲೆಯ ನಡುವೆ ಹಳದಿ ಪಟ್ಟೆಯ ಮಹಾರಾಣಿ, ಅವಳ ಹಿಂದೆ ದೊಡ್ಡಮ್ಮ!

"ಪೊರಕೆ ತಾ," ಎಂದರು ದೊಡ್ಡಪ್ಪ ನನ್ನತ್ತ ತಿರುಗಿ.

"ಬೇಡ. ಅಡುಗೆಮನೆಯಿಂದ ಬನ್ನಿ," ಎಂದರು ದೊಡ್ಡಮ್ಮ.

"ಲಕ್ಷ್ಮಿ ಹಿತ್ತಲಿನಿಂದ ಬರುವುದುಂಟಾ? ನಿನಗೆ ಮಂಡೆ ಸಮ ಇಲ್ವಾ?"

"ಹಾಗಾದರೆ ಬಗ್ಗಿ ಬನ್ನಿ."

"ನಾನು? ಒಂದು ಜೇಡಕ್ಕೆ?"

ಪೊರಕೆ ತಂದುಕೊಟ್ಟೆ. ದೊಡ್ಡಪ್ಪ ಒಂದು ಕೈಯಲ್ಲಿ ತೆನೆ ಹಿಡಿದು ಇನ್ನೊಂದು ಕೈಯಲ್ಲಿ ಪೊರಕೆ ಎತ್ತಿದರು. ದೊಡ್ಡಮ್ಮ ಕೂಗಾಡಲಿಲ್ಲ. ಸಣ್ಣ ಸ್ವರದಲ್ಲಿ, "ಅದು ಹರಕೆ," ಎಂದರು.

ದೊಡ್ಡಪ್ಪ ಐಸಿಯುವಿನಲ್ಲಿದ್ದಾಗ ಬಟ್ಟೆ ಕೊಂಡೊಯ್ಯಲು ದೊಡ್ಡಮ್ಮ ಒಬ್ಬರೇ ಮನೆಗೆ ಬಂದಿದ್ದರಂತೆ. ಬೀಗ ಹಾಕಿದ ಬಾಗಿಲಿಗೆ ಈ ಬಲೆ. ಅಭ್ಯಾಸದಂತೆ ಪೊರಕೆ ಎತ್ತಿದವರಿಗೆ ಹೊಡೆಯಲು ಕೈ ಬರಲಿಲ್ಲವಂತೆ. "ಇವರು ತಮ್ಮ ಕಾಲಲ್ಲೇ ನಡೆದು ಮನೆಗೆ ಬಂದರೆ, ನೀನಿರುವವರೆಗೆ ನಿನ್ನ ಮನೆ ಮುಟ್ಟುವುದಿಲ್ಲ" ಎಂದು ಕೈಮುಗಿದು ಹೋದರಂತೆ.

"ಜೇಡಕ್ಕೆ ಹರಕೆಯಾ? ಊರಲ್ಲಿ ದೇವರಿಲ್ವಾ?" ಎಂದರು ದೊಡ್ಡಪ್ಪ.

"ಮಾರಿಯಮ್ಮನಿಗೆ ಹೇಳಿ ಆಗಿತ್ತು. ಉಚ್ಚಿಲದ ಮಹಾಲಕ್ಷ್ಮಿಗೆ ಹೇಳಿ ಆಗಿತ್ತು. ಮನೆಯ ದೈವಕ್ಕೂ ಹೇಳಿ ಆಗಿತ್ತು. ಮತ್ತೆ ಯಾರಿದ್ದರು ಹೇಳಿ? ಇವಳೊಬ್ಬಳೇ ಬಾಕಿ!"

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ದೊಡ್ಡಪ್ಪ ಪೊರಕೆಯನ್ನು ನನಗೆ ವಾಪಸು ಕೊಟ್ಟರು. ತಲೆಯ ಮೇಲಿನ ತೆನೆಯನ್ನು ಇಳಿಸಿ, ಹೊಲಿಗೆ ಹಾಕಿದ ಎದೆಗೆ ಅವುಚಿಕೊಂಡರು. ಮತ್ತೆ ಆ ಆರಡಿ ಮನುಷ್ಯ ಮೊಣಕಾಲು ಹಿಡಿದು ಬಗ್ಗಿ, ಬಲೆಯ ಅಡಿಯಿಂದ ನಿಧಾನವಾಗಿ ಒಳಗೆ ಹೋದರು. ನಾನು ಜಾಗಟೆ ಬಡಿಯುವುದನ್ನೇ ಮರೆತಿದ್ದೆ.

ಬಾವಿಗೆ, ಮರಕ್ಕೆ, ಸ್ಕೂಟರಿಗೆ ಎಲ್ಲ ಕಟ್ಟಿ ಮುಗಿದ ಮೇಲೆ ದೊಡ್ಡಪ್ಪ ಒಂದು ತೆನೆ ಉಳಿಸಿಕೊಂಡು ಮತ್ತೆ ಎದುರು ಬಾಗಿಲಿಗೆ ಬಂದರು. ಬಲೆಯ ಪಕ್ಕದ ಮೊಳೆಗೆ ಅದನ್ನು ಕಟ್ಟತೊಡಗಿದರು.

"ಜಾಗ್ರತೆ, ಅಲ್ಲಾಡಿಸಬೇಡಿ. ಇವಳು ಹೆದರುತ್ತಾಳೆ," ಎಂದರು ದೊಡ್ಡಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ.

"ನೀನು ಹೆದರಿದಷ್ಟು ಹೆದರಲಿಕ್ಕಿಲ್ಲ," ಎಂದರು ದೊಡ್ಡಪ್ಪ.