ಅರುಂಧತಿಯೂ ಮೂರು ಹಲ್ಲಿನ ಬಾಚಣಿಗೆಯೂ

‘ಕಾಣ್ಸ್ತಾ?’ ಎಂದು ಯಾರಾದರೂ ಕೇಳಿದರೆ ‘ಕಾಣ್ಸ್ತು’ ಎಂದುಬಿಡುವುದು ನಮ್ಮ ಕಡೆಯ ಮರ್ಯಾದೆ. ಕಾಣಲಿಲ್ಲ ಎಂದರೆ ತೋರಿಸಿದವನಿಗೆ ಅವಮಾನ, ನೋಡಿದವನ ಮೇಲೆ ಅನುಮಾನ, ಜೊತೆಗೆ ಎಲ್ಲರ ಊಟಕ್ಕೂ ತಡ. ಈ ಮರ್ಯಾದೆಯನ್ನು ನಾವು ಕಲಿಯುವುದು ಮದುವೆಯ ದಿನ. ಪುರೋಹಿತರು ನಡುಹಗಲಿನಲ್ಲಿ ಗಂಡುಹೆಣ್ಣನ್ನು ಚಪ್ಪರದಾಚೆ ಕರೆತಂದು, ಉರಿಬಿಸಿಲಿಗೆ ಬೆರಳು ಚಾಚಿ, ಅಗೋ ಅರುಂಧತಿ ನಕ್ಷತ್ರ ಎನ್ನುತ್ತಾರೆ. ನನ್ನ ಮದುವೆಯಲ್ಲಿ ಆ ಬೆರಳಿನ ನೇರಕ್ಕೆ ನನಗೆ ಕಂಡದ್ದು ಒಂದು ಹದ್ದು. ‘ಕಾಣ್ಸ್ತು ಸ್ವಾಮಿ’ ಎಂದೆ. ನನ್ನ ಹೆಂಡತಿ ಜಯಮ್ಮ ತಲೆಯನ್ನೇ ಎತ್ತದೆ ‘ಕಾಣ್ಸ್ತು’ ಎಂದಳು. ಹಿರಿಯರು ಹೇಳುವಂತೆ ಇದು ಹಿಂದಿನವರ ಕಣ್ಣಿನ ಪರೀಕ್ಷೆಯಂತೆ. ಸಪ್ತರ್ಷಿಗಳ ಬಾಲದಲ್ಲಿ ವಸಿಷ್ಠನಿಗೆ ಅಂಟಿಕೊಂಡಿರುವ ಆ ಸಣ್ಣ ಚುಕ್ಕೆಯನ್ನು ಬಿಡಿಸಿ ನೋಡಬಲ್ಲವನ ಕಣ್ಣು ಚೊಕ್ಕ. ಪರೀಕ್ಷೆಯೇನೋ ಒಳ್ಳೆಯದೇ. ಅದನ್ನು ರಾತ್ರಿಯಿಂದ ಹಗಲಿಗೆ ವರ್ಗ ಮಾಡಿದ್ದರಿಂದ ಇದುವರೆಗೆ ಒಬ್ಬರೂ ಫೇಲಾಗಿಲ್ಲ, ಅಷ್ಟೆ.

ನಾನು ದೊಡ್ಡಬಳ್ಳಾಪುರದ ನೂಲಿನ ದಲ್ಲಾಳಿ. ತಲೆಯ ಮೇಲೆ ಸೀರೆಗಂಟು ಹೊತ್ತು ಸಂತೆ ಸಂತೆ ತಿರುಗಿ ಮೇಲೆ ಬಂದವನು. ನನ್ನ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿದೆ: ಮಾರುವವನು ಒಂದು ಹೇಳುತ್ತಾನೆ, ಕೊಳ್ಳುವವನು ಒಂದು ಹೇಳುತ್ತಾನೆ, ಸತ್ಯ ಯಾವಾಗಲೂ ಮಧ್ಯದಲ್ಲಿರುತ್ತದೆ. ಮನೆಯ ಜಾಗಕ್ಕೂ ಸೊಪ್ಪಿನ ಕಂತೆಗೂ ಇದೇ ಮಾತು ನನ್ನನ್ನು ಕಾಪಾಡಿದೆ. ಬೇಕಾದವರು ಬರೆದಿಟ್ಟುಕೊಳ್ಳಬಹುದು. ಇಷ್ಟು ಲೋಕಜ್ಞಾನವಿದ್ದವನ ಮಗಳು ಗಿರಿಜ ನಾಲ್ಕನೆಯ ಕ್ಲಾಸಿನಲ್ಲಿ ದಡ್ಡಿ ಎನಿಸಿಕೊಂಡಾಗ ನನಗೆ ಹೇಗಾಗಿರಬೇಡ! ಹೆಡ್‌ಮೇಷ್ಟರು ನನ್ನನ್ನು ಕರೆಸಿಕೊಂಡು, “ನೋಡಿ ಯಜಮಾನ್ರೆ, ನಿಮ್ಮ ಹುಡುಗಿ ಬಾಯಲ್ಲಿ ಗಿಣಿ, ಸ್ಲೇಟಿನಲ್ಲಿ ಗೂಬೆ. ಒಂದ್ಸಲ ಹೇಳಿದ್ರೆ ಪದ್ಯ ಒಪ್ಪಿಸ್ತಾಳೆ. ಬೋರ್ಡ್ ಮೇಲೆ ಆರು ಬರೆದ್ರೆ ಒಂಬತ್ತು ಅಂತ ಇಳಿಸ್ಕೋತಾಳೆ. ಇವಳನ್ನ ಇಟ್ಕೊಂಡು ನಾನೇನ್ ಮಾಡ್ಲಿ?” ಎಂದರು. ಬಿಡಿಸಿಬಿಡೋಣ ಎಂದು ನಾನು ತೀರ್ಮಾನಿಸಿದೆ. ನಮ್ಮದೇ ಮಗ್ಗದ ಮನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದಕ್ಕೆ ಕೈ ಸಾಲದಾಗಿತ್ತು. ಜಯಮ್ಮ ಒಪ್ಪಲಿಲ್ಲ.

“ಮೊದ್ಲು ಅವಳ ಕಣ್ಣು ತೋರ್ಸಿ. ಮಗು ಪುಸ್ತಕಾನ ಮೂಗಿನ ತುದಿಗೆ ಹಿಡ್ಕೊಂಡು ಓದುತ್ತೆ.”

“ಮೂಗಿಗೆ ಹಿಡಿದ್ರೆ ಏನಾಯ್ತು? ಅಕ್ಷರದ ವಾಸನೆಯಾದ್ರೂ ತಲೆಗೆ ಹತ್ಲಿ ಬಿಡು.”

ನಾನು ಒಂದು ಹೇಳಿದೆ, ಅವಳು ಒಂದು ಹೇಳಿದಳು. ಕೊನೆಗೆ ಮಧ್ಯದಲ್ಲಿ ಕುದುರಿತು. ಶಾಲೆಗೆ ಕಣ್ಣು ಪರೀಕ್ಷೆಯವರು ಬರುವವರಿದ್ದರು. ಕಣ್ಣು ಸರಿಯಿಲ್ಲ ಎಂದು ಅವರು ಹೇಳಿದರೆ ಗಿರಿಜ ಓದುವುದು, ಸರಿಯಿದೆ ಎಂದರೆ ಬೇಸಗೆ ರಜೆ ಮುಗಿದ ಮೇಲೆ ಕಂಡಿಕೆ ಸುತ್ತುವುದು. ಹುಡುಗಿಯನ್ನು ಯಾರೂ ಕೇಳಲಿಲ್ಲ.

ಪರೀಕ್ಷೆಯ ಸಲಕರಣೆ ಎಂದರೆ ನಾನು ಏನೇನೋ ಊಹಿಸಿದ್ದೆ. ಜೀಪಿನಿಂದ ಇಳಿದದ್ದು ಒಬ್ಬ ಬಡಕಲು ಆಸಾಮಿ, ಒಂದು ರಟ್ಟಿನ ಹಾಳೆ, ಒಂದು ಹಗ್ಗ ಮತ್ತು ಕಣ್ಣು ಮುಚ್ಚಿಕೊಳ್ಳಲು ಒಂದು ಮರದ ಸೌಟು. ಸೌಟೆಂದರೆ ಸೌಟೇ. ಸಾರು ಬಡಿಸುವುದಕ್ಕೆ ಗುಳಿಯೊಂದು ಕಮ್ಮಿ. ಇಡೀ ಶಾಲೆಯ ಮಕ್ಕಳ ಕಣ್ಣಿಗೆಲ್ಲ ಅದೊಂದೇ ಸೌಟು. ಒಬ್ಬನಿಗೆ ಕಣ್ಣು ಬಂದರೆ ಊರಿಗೆಲ್ಲ ಬಡಿಸಲು ಅದಕ್ಕಿಂತ ಅನುಕೂಲವಾದದ್ದು ಬೇರೊಂದಿಲ್ಲ. ಹಾಳೆಯಿಂದ ಮಗುವಿಗೆ ಇಪ್ಪತ್ತಡಿ ದೂರವಿರಬೇಕಂತೆ, ಅದಕ್ಕೇ ಹಗ್ಗ. ಕೋಣೆ ಹದಿನೈದಡಿಗೇ ಮುಗಿದುಹೋಯಿತು. ಆಸಾಮಿ ಮಿಕ್ಕ ಹಗ್ಗವನ್ನು ನೀಟಾಗಿ ಸುತ್ತಿ ಜೇಬಿಗೆ ಹಾಕಿಕೊಂಡ. ನಾನೇನಾದರೂ ಸಂತೆಯಲ್ಲಿ ಗಜಕಡ್ಡಿಯನ್ನು ಹೀಗೆ ಜೇಬಿಗೆ ಇಳಿಸಿದ್ದರೆ ಹೆಂಗಸರು ನನ್ನನ್ನು ಅಲ್ಲೇ ಅಳೆದುಬಿಡುತ್ತಿದ್ದರು.

ಹಾಳೆಯ ಮೇಲಿದ್ದದ್ದು ಇಂಗ್ಲಿಷಿನ ‘ಇ’ ಒಂದೇ ಅಕ್ಷರ, ಒಂದೊಂದು ಸಲ ಒಂದೊಂದು ಕಡೆಗೆ ತಿರುಗಿಸಿದ್ದು. ನಮ್ಮ ಮಕ್ಕಳು ಅದಕ್ಕೆ ‘ಮೂರು ಹಲ್ಲಿನ ಬಾಚಣಿಗೆ’ ಎನ್ನುತ್ತಿದ್ದರು. ಮೇಲಿನ ಸಾಲಿನಲ್ಲಿ ದೊಡ್ಡದು, ಕೆಳಕ್ಕೆ ಬಂದ ಹಾಗೆಲ್ಲ ಚಿಕ್ಕದು. ಬಾಚಣಿಗೆಯ ಹಲ್ಲು ಯಾವ ಕಡೆಗಿದೆ ಎಂದು ಮಗು ಹೇಳಬೇಕು. ಅಕ್ಷರ ಬಾರದವರಿಗೂ ಆಗಲಿ ಎಂದು ಯಾರೋ ಬುದ್ಧಿವಂತರು ಕಂಡುಹಿಡಿದದ್ದು. ಪಾಪ, ಅವರಿಗೆ ನಮ್ಮ ಹೆಡ್‌ಮೇಷ್ಟರು ಗೊತ್ತಿರಲಿಲ್ಲ. ಅಂಥದೇ ಇನ್ನೊಂದು ಹಾಳೆ ವಾರ ಮೊದಲೇ ಶಾಲೆಗೆ ಬಂದಿತ್ತು. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೇಷ್ಟರು ಅದನ್ನು ಗೋಡೆಗೆ ತೂಗುಹಾಕಿ, ಬೆತ್ತ ಹಿಡಿದು, ಮಗ್ಗಿಯ ಧಾಟಿಯಲ್ಲಿ ಬಾಯಿಪಾಠ ಮಾಡಿಸಿಬಿಟ್ಟಿದ್ದರು. “ಮೇಲೆ ಬಲಕ್ಕೆ ಕೆಳಕ್ಕೆ! ಎಡಕ್ಕೆ ಎಡಕ್ಕೆ ಮೇಲಕ್ಕೆ!” ಆ ವಾರ ನಮ್ಮ ಬೀದಿಯ ಹೆಣ್ಣುಮಕ್ಕಳು ಕುಂಟೆಬಿಲ್ಲೆಯನ್ನೂ ಅದೇ ರಾಗಕ್ಕೆ ಆಡಿದರು. ತಮ್ಮ ಶಾಲೆಯಲ್ಲಿ ಒಬ್ಬನಾದರೂ ಕಣ್ಣಿನಲ್ಲಿ ಫೇಲಾದರೆ ಇನ್‌ಸ್ಪೆಕ್ಟರಿಗೆ ಮುಖ ತೋರಿಸುವುದು ಹೇಗೆ ಎಂಬುದು ಮೇಷ್ಟರ ಚಿಂತೆ.

ನಾನು ಬಾಗಿಲಲ್ಲಿ ನಿಂತಿದ್ದಂತೆ ಪರೀಕ್ಷೆ ಶುರುವಾಯಿತು. ಹಾಳೆಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಗಿರಿಜಳ ಸರದಿ ಬಂದಾಗ ಜೋರಾಗಿ ಗಾಳಿ ಬೀಸಿ ಹಾಳೆ ಮಗುಚಿಕೊಂಡಿತು. ಕಾಗದದ ಅಭಾವಕ್ಕೋ ಏನೋ, ಅದರ ಬೆನ್ನಿಗೆ ಕುಟುಂಬಯೋಜನೆಯ ಕೆಂಪು ತ್ರಿಕೋನ ಅಚ್ಚಾಗಿತ್ತು. ಆಸಾಮಿ ತನ್ನ ಕಾಗದ ನೋಡಿಕೊಂಡು ಗುರುತು ಹಾಕುತ್ತಿದ್ದವನು ತಲೆ ಎತ್ತಲಿಲ್ಲ. ನನ್ನ ಮಗಳು ಸೌಟನ್ನು ಕಣ್ಣಿಗೆ ಒತ್ತಿ ಹಿಡಿದು, ಆ ಕೆಂಪು ತ್ರಿಕೋನವನ್ನೇ ದೃಷ್ಟಿಸಿ ನೋಡುತ್ತ, “ಮೇಲೆ ಬಲಕ್ಕೆ ಕೆಳಕ್ಕೆ, ಎಡಕ್ಕೆ ಎಡಕ್ಕೆ ಮೇಲಕ್ಕೆ” ಎಂದು ಕಟ್ಟಕಡೆಯ ಸಾಲಿನವರೆಗೂ ಒಂದೂ ತಪ್ಪಿಲ್ಲದೆ ಒಪ್ಪಿಸಿದಳು.

“ಫಸ್ಟ್ ಕ್ಲಾಸ್ ಕಣ್ಣು ಸಾರ್” ಎಂದ ಆಸಾಮಿ.

“ನಮ್ಮ ಶಾಲೆಯಲ್ಲಿ ಎಲ್ಲಾ ಫಸ್ಟ್ ಕ್ಲಾಸೇ” ಎಂದರು ಮೇಷ್ಟರು, ತಮ್ಮ ದಪ್ಪ ಗಾಜಿನ ಕನ್ನಡಕ ಒರೆಸಿಕೊಳ್ಳುತ್ತ.

ನಾನು ನಕ್ಕೆನೇ ಹೊರತು ಬಾಯಿ ಬಿಡಲಿಲ್ಲ. ತಕ್ಕಡಿ ಸುಳ್ಳೆಂದು ಗೊತ್ತಿದ್ದರೂ ತಟ್ಟೆ ನಮ್ಮ ಕಡೆಗೆ ವಾಲಿದ್ದಾಗ ಯಾವ ವ್ಯಾಪಾರಿಯೂ ಗಲಾಟೆ ಮಾಡುವುದಿಲ್ಲ. ಆದರೂ ಹೆಂಡತಿಯ ಮುಂದೆ ನ್ಯಾಯವಾಗಿ ಕಾಣಬೇಕಲ್ಲ, ನನ್ನದೇ ಒಂದು ಪರೀಕ್ಷೆ ಇಟ್ಟೆ. ಇದಕ್ಕೆ ಸೌಟಿಲ್ಲ, ಹಗ್ಗವಿಲ್ಲ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಕಡಿದುಹೋದ ಒಂದೇ ಒಂದು ರೇಷ್ಮೆ ಎಳೆಯನ್ನು ಹುಡುಕಿ ತೆಗೆಯಬೇಕು. ನಲವತ್ತು ವರ್ಷ ಮಗ್ಗದಲ್ಲಿ ಕೂತವರೂ ತಡವರಿಸುವ ಕೆಲಸ. ಗಿರಿಜ ಮೂಗು ತಾಗುವಷ್ಟು ಬಗ್ಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಎಳೆಯನ್ನು ಎತ್ತಿ ಕೊಟ್ಟಳು. “ನೋಡ್ದೇನೇ? ಹದ್ದಿನ ಕಣ್ಣು!” ಎಂದೆ. ಗಿರಿಜ, “ಹಂಗಾದ್ರೆ ನಾನು ಸ್ಕೂಲಿಗೆ ಹೋಗಂಗಿಲ್ವಾ?” ಎಂದಳು. ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುವ ಅಭ್ಯಾಸ ಆ ಕಾಲದ ಅಪ್ಪಂದಿರಿಗೆ ಇರಲಿಲ್ಲ.

ವೈಶಾಖದಲ್ಲಿ ಜಯಮ್ಮನ ತಮ್ಮನ ಮದುವೆ ಬಂತು, ರಾಜಘಟ್ಟದಲ್ಲಿ. ಅಲ್ಲಿಯ ಕೋಸಂಬರಿಯ ಬಗ್ಗೆ ನಾನು ಬೇರೆಯೇ ಬರೆಯಬೇಕು. ಸೌತೆಕಾಯಿಗೆ ಅಷ್ಟು ಕೈ ಬಿಗಿ ಹಿಡಿದವರನ್ನು ಈ ತಾಲ್ಲೂಕಿನಲ್ಲೇ ನಾನು ಕಂಡಿಲ್ಲ. ಇರಲಿ. ಧಾರೆ ಮುಗಿದು, ಪದ್ಧತಿಯಂತೆ ಪುರೋಹಿತರು ಗಂಡುಹೆಣ್ಣನ್ನು ಬಿಸಿಲಿಗೆ ತಂದರು. ಅವರ ಹಿಂದೆ ನಾವೆಲ್ಲ, ನಮ್ಮ ಕಾಲಸಂದಿಗಳಲ್ಲಿ ಮಕ್ಕಳು. ಹಿತ್ತಿಲಿನ ಅಂಚಿಗೆ, ಕೂಗಳತೆಯೂ ಇಲ್ಲದ ದೂರದಲ್ಲಿ, ಗೊನೆ ತುಂಬಿದ ಒಂದು ತೆಂಗಿನ ಮರವಿತ್ತು.

“ಆ ತೆಂಗಿನ ಮರದ ನೆತ್ತಿ ಮೇಲೆ ನೋಡ್ರಪ್ಪಾ, ಅದೇ ಅರುಂಧತಿ. ಕಾಣ್ತಾ?”

“ಕಾಣ್ಸ್ತು” ಎಂದ ಗಂಡು. “ಕಾಣ್ಸ್ತು” ಎಂದಳು ಹೆಣ್ಣು. ಊಟದ ಕಡೆ ಕಿವಿಯಿಟ್ಟಿದ್ದ ನಾವೆಲ್ಲರೂ ಕಾಣಿಸಿತು ಎಂದೆವು. ಆಗ ನನ್ನ ಮೊಣಕಾಲಿನ ಹತ್ತಿರದಿಂದ ಗಿರಿಜಳ ದನಿ ಬಂತು:

“ಯಾವ ತೆಂಗಿನ ಮರ?”

ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನಗದೆ ಇದ್ದವಳು ಜಯಮ್ಮ ಒಬ್ಬಳೇ. ಅವಳು ಮಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮರದ ಬುಡದ ಕಡೆ ಬೆರಳು ಮಾಡಿದಳು.

“ಅಲ್ಲಿ ಏನು ಕಟ್ಟಿದಾರೆ, ಹೇಳಮ್ಮಾ.”

“ಹಸು.”

“ಕಾಣ್ತಾ?”

“ಇಲ್ಲ. ಆಗ್ಲೇ ಕೂಗ್ತಲ್ಲ.”

“ಮತ್ತೆ ಕಣ್ಣು ನೋಡೋರು ಬಂದಾಗ ಎಲ್ಲಾ ಕಾಣುತ್ತೆ ಅಂದ್ಯಲ್ಲೇ?”

“ಕಾಣುತ್ತೆ ಅಂತ ಎಲ್ಲಿ ಅಂದೆ? ಮೇಷ್ಟ್ರು ಹೇಳ್ಕೊಟ್ಟಿದ್ದು ಒಪ್ಪಿಸ್ದೆ. ದೂರದ್ದು ಯಾರ್ಗೂ ಕಾಣಲ್ಲ ಅಲ್ವೇನಮ್ಮಾ? ಸುಮ್ನೆ ಕಾಣುತ್ತೆ ಅಂತಾರೆ. ಈಗ ನೀವೆಲ್ಲ ಅಂದ್ರಲ್ಲ, ಹಂಗೆ.”

ಪುರೋಹಿತರಿಗೆ ಒಮ್ಮೆಲೇ ಕೆಮ್ಮು ಬಂತು. ಜಯಮ್ಮ ನನ್ನ ಕಡೆ ತಿರುಗಿ, ನಾಲ್ಕು ಜನಕ್ಕೆ ಕೇಳುವ ಹಾಗೆ, “ಎಳೆ ಕಂಡ್ಲು ಅಂತ ಹೊಗಳಿದ್ರಲ್ಲ, ಮಗೂಗೆ ಮರ ಕಾಣಲ್ಲ ಅನ್ನೋದು ನಿಮ್ಗೆ ಕಾಣ್ಲಿಲ್ವಾ?” ಎಂದಳು. ಹತ್ತಿರದ್ದು ಚೊಕ್ಕವಾಗಿ ಕಂಡು ದೂರದ್ದು ಮಸುಕಾಗುವ ಕಣ್ಣೂ ಇರುತ್ತದೆ ಎಂದು ನನಗೆ ಯಾವ ಸಂತೆಯಲ್ಲೂ ಯಾರೂ ಹೇಳಿರಲಿಲ್ಲ. ಕೋಸಂಬರಿಯ ಬಗ್ಗೆ ನಾನು ಆ ದಿನ ದೂರು ಹೇಳಲಿಲ್ಲ.

ಬೆಂಗಳೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿಯೂ ಅದೇ ಹಾಳೆ. ಗಿರಿಜ ಹಾಳೆಯ ಕಡೆ ತಿರುಗುವ ಮೊದಲೇ “ಮೇಲೆ ಬಲಕ್ಕೆ ಕೆಳಕ್ಕೆ” ಎಂದು ಶುರುಮಾಡಿದಳು. ಡಾಕ್ಟರು ಅವಳ ಬಾಯಿಗೆ ಬೆರಳು ಅಡ್ಡ ಹಿಡಿದು, ಕೈಗೊಂದು ಮರದ ಮೂರು ಹಲ್ಲಿನ ಬಾಚಣಿಗೆ ಕೊಟ್ಟು, ತಾವು ಇನ್ನೊಂದನ್ನು ಹಿಡಿದು ದೂರ ನಿಂತು, “ನಾನು ತಿರುಗಿಸಿದ ಹಾಗೆ ನೀನೂ ತಿರುಗಿಸು, ಮಾತು ಬೇಡ” ಎಂದರು. ಅವರು ಮೇಲೆ ಮಾಡಿದರೆ ಇವಳು ಬಲಕ್ಕೆ. ಅವರು ಎಡಕ್ಕೆ ತಿರುಗಿಸಿದರೆ ಇವಳು ಸುಮ್ಮನೆ ಕೈ ಇಳಿಬಿಟ್ಟಳು. ನಾನು ನೋಡಿದ ಇಷ್ಟೆಲ್ಲ ಪರೀಕ್ಷೆಗಳಲ್ಲಿ ನೆಟ್ಟಗಿದ್ದದ್ದು ಇದೊಂದೇ. ಬಾಯಿಗೆ ಕೆಲಸವಿಲ್ಲದ ಕಡೆ ನಮ್ಮ ಜನ ಸುಳ್ಳು ಹೇಳಲಾರರು.

ಆಮೇಲೆ ಅವಳ ಮುಖಕ್ಕೆ ಕುದುರೆಯ ಕಡಿವಾಣದಂಥ ಒಂದು ಕಬ್ಬಿಣದ ಚೌಕಟ್ಟು ಸಿಕ್ಕಿಸಿ, ಒಂದೊಂದೇ ಗಾಜು ಹಾಕಿ, “ಇದು ಚೆನ್ನಾಗಿದೆಯಾ? ಇದು?” ಎಂದು ಕೇಳತೊಡಗಿದರು. ಇದು ನನಗೆ ಗೊತ್ತಿರುವ ವ್ಯವಹಾರ. ನಾನು ಅವಳ ಪಕ್ಕಕ್ಕೆ ಸರಿದು, “ಮೊದಲ್ನೇದಕ್ಕೇ ಒಪ್ಕೊಂಡುಬಿಡ್ಬೇಡ ಕಣಮ್ಮಾ, ಒಳಗಡೆ ಇನ್ನೂ ಒಳ್ಳೇದಿಟ್ಟಿರ್ತಾರೆ” ಎಂದು ಪಿಸುಗುಟ್ಟಿದೆ. ಡಾಕ್ಟರಿಗೆ ಕಿವಿಯೂ ಚುರುಕಾಗಿತ್ತು. “ಯಜಮಾನ್ರೆ, ಇದು ಸೀರೆ ಅಂಗಡಿ ಅಲ್ಲ. ಆಚೆ ಕೂತ್ಕೊಳ್ಳಿ” ಎಂದರು. ಆಚೆ ಕೂತೆ. ಈಗಲೂ ಹೇಳುತ್ತೇನೆ, ನನ್ನ ಸಲಹೆ ತಪ್ಪಲ್ಲ. ಮೊದಲನೆಯ ಗಾಜು ಅವಳಿಗೆ ಹೊಂದಲೂ ಇಲ್ಲ.

ಕನ್ನಡಕ ಸಿದ್ಧವಾದ ದಿನ ಬಸ್ಸಿನಲ್ಲಿ ಬರುವಾಗ ಗಿರಿಜ ಕಿಟಕಿಯಿಂದ ಕತ್ತು ಒಳಕ್ಕೆ ಎಳೆದುಕೊಳ್ಳಲಿಲ್ಲ. ಮೈಲಿಕಲ್ಲು, ಹೋಟೆಲಿನ ಬೋರ್ಡು, ಗೋಡೆಯ ಮೇಲಿನ ಓಟಿನ ಬರಹ, ಎಲ್ಲವನ್ನೂ ಗಟ್ಟಿಯಾಗಿ ಓದಿದಳು. “ಅಪ್ಪಾ, ಮರಕ್ಕೆ ಎಲೆ ಒಂದೊಂದೂ ಬೇರೆ ಬೇರೆ ಇದೆ!” ಎಂದು ಅವಳು ಕೂಗಿದಾಗ ಮುಂದಿನ ಸೀಟಿನವನು ತಿರುಗಿ ನೋಡಿದ. ನಾನು ಆಚೆ ಕಡೆಯ ಕಿಟಕಿ ನೋಡಿದೆ. ಕಂಡಿಕೆ ಸುತ್ತಲು ಬೇರೆಯವರನ್ನು ಗೊತ್ತುಮಾಡುತ್ತೇನೆ ಎಂದು ಮನೆಗೆ ಬಂದವನೇ ಜಯಮ್ಮನಿಗೆ ಹೇಳಿದೆ. ಈ ಸಲ ಅವಳೂ ಚೌಕಾಶಿ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಕತ್ತಲಾಗುತ್ತಿದ್ದಂತೆ ಗಿರಿಜ ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋದಳು. ನಕ್ಷತ್ರಗಳೆಂದರೆ ಹರಡಿಕೊಂಡ ಹಿಟ್ಟು ಎಂದುಕೊಂಡಿದ್ದವಳಿಗೆ ಈಗ ಒಂದೊಂದೂ ಸೂಜಿಯ ಮೊನೆ. ಅಮ್ಮ ಹೇಳಿಕೊಟ್ಟಿದ್ದಂತೆ ಸಪ್ತರ್ಷಿಗಳ ಬಾಲ ಹಿಡಿದು ಬೆರಳು ಓಡಿಸಿ, “ಅಪ್ಪಾ, ಮಾವನ ಮದುವೆಲಿ ತೋರಿಸಿದ್ರಲ್ಲ ಅದು! ದೊಡ್ಡದರ ಪಕ್ಕದಲ್ಲೇ ಚಿಕ್ಕದಿದೆ. ಕಾಣ್ಸ್ತಾ?” ಎಂದಳು.

ನಾನು ನೋಡಿದೆ. ಕಣ್ಣು ಕಿರಿದು ಮಾಡಿ ನೋಡಿದೆ. ಅಲ್ಲಿದ್ದದ್ದು ಒಂದೇ, ಅದೂ ಸ್ವಲ್ಪ ಕಲಸಿಕೊಂಡಿತ್ತು.

“ಕಾಣ್ಸ್ತು” ಎಂದೆ.

ಅವಳು ಬೆಂಗಳೂರಿನ ಡಾಕ್ಟರ ಕೈಯಲ್ಲಿ ಪಳಗಿ ಬಂದಿದ್ದಳು. ಕನ್ನಡಕವನ್ನು ಮೇಲಕ್ಕೆ ಸರಿಸಿಕೊಂಡು ನನ್ನನ್ನೇ ನೋಡುತ್ತ, “ಹಂಗಾದ್ರೆ ಹೇಳು, ಚಿಕ್ಕದು ದೊಡ್ಡದರ ಎಡಕ್ಕಿದೆಯೋ, ಬಲಕ್ಕಿದೆಯೋ?” ಎಂದು ಕೇಳಿದಳು.

ಇಷ್ಟು ವರ್ಷದ ವ್ಯಾಪಾರದಲ್ಲಿ ನನ್ನನ್ನು ಎಂದೂ ಕೈಬಿಡದ ಬುದ್ಧಿಯನ್ನು ನೆನೆದುಕೊಂಡು, ಧೈರ್ಯವಾಗಿ, “ಮಧ್ಯದಲ್ಲಿ” ಎಂದೆ.